ಅಕ್ಷರ ಅಡಕುವ ವಿದ್ಯೆ ಯಾರ ಸೊತ್ತು?

ಅಮೀರ್‌ಪೇಟ್ ಎಂದರೆ ಬೀದರ, ಕಲಬುರಗಿ, ರಾಯಚೂರು ಕಡೆಯ ನಮ್ಮವರಿಗೆ ಇಂದು ಕಂಪ್ಯೂಟರ್ ಕೋರ್ಸು ಎಂದೇ ಅರ್ಥ. 1956ರ ನವೆಂಬರ್ 1ರವರೆಗೆ ಈ ಮೂರು ಜಿಲ್ಲೆಗಳಿಗೂ ಹೈದರಾಬಾದೇ ರಾಜಧಾನಿಯಾಗಿತ್ತು. ಅಂದು ಕಚೇರಿ, ಕೋರ್ಟು, ಕಾಲೇಜುಗಳಿಗೆಂದು ಇಲ್ಲಿಗೆ ಬಂದವರ ಮೊಮ್ಮಕ್ಕಳು ಈಗ ಜಾವಾ, ಪೈಥಾನ್ ಕಲಿಯಲು ಬರುತ್ತಾರೆ. ಮೈತ್ರೀವನಂ ಕಟ್ಟಡದ ಸುತ್ತ ಒಂದರ ಮೇಲೊಂದು ಜೋತುಬಿದ್ದ ಫಲಕಗಳು, ಓಣಿಯೊಳಗಿನ ಹಾಸ್ಟೆಲುಗಳು, ಜೆರಾಕ್ಸ್ ಅಂಗಡಿಯ ಮುಂದಿನ ಸಾಲು, ಇವನ್ನು ನಮ್ಮಲ್ಲಿ ನೋಡದವರು ಕಡಿಮೆ. ಊರಿನಿಂದ ಫೋನು ಬಂತೆಂದರೆ, “ಹುಡುಗನಿಗೆ ಅಮೀರ್‌ಪೇಟಿನ ಹತ್ತಿರವೇ ಒಂದು ರೂಮು ನೋಡ್ರಿ” ಎಂಬ ಮಾತು ಇದ್ದೇ ಇರುತ್ತದೆ.

ಈ ಹುಡುಗರು ಕಲಿಕೆಯ ಮೊದಲ ವಾರದಲ್ಲೇ ಒಂದು ‘ಜಿಪ್’ ಕಡತವನ್ನೋ ‘ಜೀಜಿಪ್’ ಕಡತವನ್ನೋ ಬಿಚ್ಚುತ್ತಾರೆ. ಪಾಠದ ಟಿಪ್ಪಣಿ, ಅಭ್ಯಾಸದ ಪ್ರೋಗ್ರಾಮು, ಎಲ್ಲವೂ ಹಾಗೆ ಅಡಕಿಯೇ ಬರುವುದು. ಕೋರ್ಸಿಗೆ ಬಾರದ ನಾವೂ ಇದರಿಂದ ಹೊರಗಿಲ್ಲ. ವಾಟ್ಸಾಪಿನಲ್ಲಿ ಬರುವ ಲಗ್ನಪತ್ರಿಕೆಯ ಪಿಡಿಎಫ್ ಒಳಗೆ ಸಾಮಾನ್ಯವಾಗಿ ಅದೇ ಅಡಕುವ ವಿದ್ಯೆಯೇ ಇರುತ್ತದೆ. ಈ ಸಲಕರಣೆಗಳು ಬಿಟ್ಟಿಯಾಗಿ, ಯಾರ ಅಪ್ಪಣೆಯೂ ಇಲ್ಲದೆ ಸಿಗುತ್ತಿರುವುದು ಗಾಳಿ ನೀರಿನಷ್ಟೇ ಸಹಜವೆಂದು ಮಕ್ಕಳು ತಿಳಿದಿದ್ದಾರೆ. ಆದರೆ ಇದು ತಾನಾಗಿ ಆದದ್ದಲ್ಲ. ಇದರ ಹಿಂದೆ ನಲವತ್ತು ವರ್ಷಗಳ ವ್ಯಾಜ್ಯ, ಹಠ, ಬಳಸುದಾರಿಗಳ ಚರಿತ್ರೆಯಿದೆ. ಅದರ ಒಂದು ಎಳೆ ನಮ್ಮ ಪಾರ್ಲಿಮೆಂಟಿನವರೆಗೂ ಬರುತ್ತದೆ, ಅಮೀರ್‌ಪೇಟನ್ನೂ ತಾಕುತ್ತದೆ.

ಮೊದಲು ಅಡಕುವುದೆಂದರೇನು ಎಂಬುದನ್ನು ನೋಡೋಣ. ಹಿರಿಯರಿಗೆ ತಂತಿ ಕಚೇರಿ ನೆನಪಿರಬೇಕು. ಮದುವೆಗೋ ದೀಪಾವಳಿಗೋ ಶುಭಾಶಯದ ತಂತಿ ಕೊಡುವವರು ಪೂರ್ತಿ ವಾಕ್ಯ ಬರೆಯಬೇಕಿರಲಿಲ್ಲ. ಇಲಾಖೆಯ ಪಟ್ಟಿಯಲ್ಲಿ ಆ ವಾಕ್ಯಕ್ಕೆ ಒಂದು ಸಂಖ್ಯೆ ಇರುತ್ತಿತ್ತು. ತಂತಿಯ ಮೇಲೆ ಹೋಗುತ್ತಿದ್ದುದು ಆ ಸಂಖ್ಯೆ. ಆಚೆಯ ಊರಿನಲ್ಲಿ ಅದು ಮತ್ತೆ ವಾಕ್ಯವಾಗುತ್ತಿತ್ತು. (2013ರ ಜುಲೈಯಲ್ಲಿ ತಂತಿ ಸೇವೆಯೇ ನಿಂತುಹೋಯಿತು.) ದೇವರನಾಮದ ಪುಸ್ತಕಗಳಲ್ಲಿಯೂ ಇದೇ ಉಪಾಯ. ಪಲ್ಲವಿಯನ್ನು ಒಮ್ಮೆ ಪೂರ್ತಿ ಅಚ್ಚು ಹಾಕಿ, ಮುಂದೆ ಪ್ರತಿ ಚರಣದ ಕೊನೆಗೆ ಅದರ ಮೊದಲ ಪದವನ್ನಷ್ಟೇ ಕೊಟ್ಟು ಎರಡು ಗೆರೆ ಎಳೆಯುತ್ತಾರೆ. ಹಾಡುವವರು ತಾವೇ ತಿಳಿದುಕೊಳ್ಳುತ್ತಾರೆ. ಒಮ್ಮೆ ಬಂದದ್ದು ಮತ್ತೆ ಬಂದಾಗ ಪೂರ್ತಿ ಬರೆಯದೆ ‘ಹಿಂದೆ ನೋಡಿ’ ಎನ್ನುವುದೇ ಈ ವಿದ್ಯೆಯ ತಿರುಳು.

ಕನ್ನಡಕ್ಕೆ ಇದರ ಅಗತ್ಯ ಇಂಗ್ಲಿಷಿಗಿಂತ ಹೆಚ್ಚು. ಈಗ ಎಲ್ಲೆಡೆ ನಡೆಯುವ ಯೂನಿಕೋಡ್ ಬರವಣಿಗೆಯಲ್ಲಿ, ರೋಮನ್ ಅಕ್ಷರಕ್ಕೆ ಒಂದು ಬೈಟು ಜಾಗ ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಕಾಗುಣಿತದ ಗುರುತು, ಒತ್ತಿನ ಗುರುತು ಎಲ್ಲಕ್ಕೂ ಪ್ರತ್ಯೇಕ ಲೆಕ್ಕ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, 18 ಬೈಟು! ‘ಅಮೀರ್‌ಪೇಟ್’ ಎಂದು ಇಂಗ್ಲಿಷಿನಲ್ಲಿ ಬರೆದರೆ 8. ಕನ್ನಡದಲ್ಲಿ, ರಕಾರವೂ ಪಕಾರವೂ ಕೂಡಿಕೊಳ್ಳದಂತೆ ನಡುವೆ ಇಡುವ ಕಣ್ಣಿಗೆ ಕಾಣದ ಗುರುತೂ ಸೇರಿ, 30. ಆದರೆ ಕನ್ನಡದ ಸಂಕೇತಗಳ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಬಂದದ್ದೇ ಬರುವುದರಿಂದ ಅಡಕುವ ಪ್ರೋಗ್ರಾಮಿನ ಕೈಗೆ ಸಿಕ್ಕರೆ ಕನ್ನಡ ಚೆನ್ನಾಗಿಯೇ ಕುಗ್ಗುತ್ತದೆ. ಆದ್ದರಿಂದ ಇದು ಯಾರದೋ ಮನೆಯ ಸುದ್ದಿಯಲ್ಲ.

ವಿದ್ಯೆಯ ಮೂಲಪುರುಷರು ಇಸ್ರೇಲಿನ ಹೈಫಾ ನಗರದ ಇಬ್ಬರು ಪ್ರಾಧ್ಯಾಪಕರು, ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಜಿವ್. 1977 ಮತ್ತು 1978ರಲ್ಲಿ ಅವರು ಎರಡು ಪ್ರಬಂಧ ಪ್ರಕಟಿಸಿದರು. ಮೊದಲನೆಯದರ ಉಪಾಯ ‘ಇಷ್ಟು ಅಕ್ಷರ ಹಿಂದಕ್ಕೆ ಹೋಗಿ, ಇಷ್ಟನ್ನು ಎತ್ತಿಕೋ’ ಎನ್ನುವುದು. ಎರಡನೆಯದು ಓದುತ್ತ ಓದುತ್ತಲೇ ಪದಗಳ ಪಟ್ಟಿಯೊಂದನ್ನು ಬೆಳೆಸಿ ಸಂಖ್ಯೆಗಳಿಂದ ಸೂಚಿಸುವುದು. ತಂತಿ ಕಚೇರಿಯ ಪಟ್ಟಿಗೂ ಇದಕ್ಕೂ ವ್ಯತ್ಯಾಸವೆಂದರೆ, ಇಲ್ಲಿ ಪಟ್ಟಿಯನ್ನು ಮೊದಲೇ ಹಂಚಬೇಕಾಗಿಲ್ಲ. ಬಿಚ್ಚುವವನು ಬಿಚ್ಚುತ್ತ ಹೋದಂತೆ ಅದೇ ಪಟ್ಟಿ ಅವನಲ್ಲೂ ಬೆಳೆಯುತ್ತದೆ. ಇಂಥ ಸೊಗಸಾದ ವಿಚಾರಗಳು ಅಪರೂಪ. ಇಬ್ಬರೂ 2023ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ, ತೀರಿಕೊಂಡರು.

ಅಮೆರಿಕದ ಸ್ಪೆರ್ರಿ ಕಂಪನಿಯಲ್ಲಿದ್ದ ಟೆರ್ರಿ ವೆಲ್ಚ್ ಎರಡನೆಯ ವಿಧಾನವನ್ನು ಇನ್ನಷ್ಟು ಚುರುಕುಗೊಳಿಸಿದರು. ಮೂವರ ಹೆಸರಿನ ಮೊದಲಕ್ಷರ ಸೇರಿ ಅದಕ್ಕೆ ‘ಎಲ್‌ಜೆಡ್‌ಡಬ್ಲ್ಯೂ’ ಎಂದು ಹೆಸರಾಯಿತು. 1984ರ ಜೂನ್ ತಿಂಗಳಲ್ಲಿ ವೆಲ್ಚ್ ಅದನ್ನು ಕಂಪ್ಯೂಟರ್ ವೃತ್ತಿಯವರ ಪತ್ರಿಕೆಯೊಂದರಲ್ಲಿ ವಿವರವಾಗಿ ಬರೆದರು. ಓದಿದವರು ಸುಮ್ಮನಿರುತ್ತಾರೆಯೇ? ಅದೇ ವರ್ಷ ಯೂನಿಕ್ಸ್ ಯಂತ್ರಗಳಿಗೆ ‘ಕಂಪ್ರೆಸ್’ ಎಂಬ ಪ್ರೋಗ್ರಾಮು ತಯಾರಾಯಿತು. 1987ರಲ್ಲಿ ಕಂಪ್ಯೂಸರ್ವ್ ಎಂಬ ಕಂಪನಿ ಚಿತ್ರಗಳಿಗಾಗಿ ಹೊರತಂದ ‘ಜಿಫ್’ ಮಾದರಿಯ ಹೊಟ್ಟೆಯೊಳಗೂ ಇದೇ ವಿಧಾನ ಸೇರಿತು. ಆದರೆ ಸ್ಪೆರ್ರಿ 1983ರ ಜೂನ್ 20ರಂದೇ ಪೇಟೆಂಟಿಗೆ ಅರ್ಜಿ ಹಾಕಿತ್ತು, 1985ರ ಡಿಸೆಂಬರ್ 10ರಂದು ಅದು ಮಂಜೂರೂ ಆಗಿತ್ತು. ಮರುವರ್ಷ ಸ್ಪೆರ್ರಿ ಮತ್ತೊಂದು ಕಂಪನಿಯೊಡನೆ ಕೂಡಿ ‘ಯೂನಿಸಿಸ್’ ಆದಾಗ ಆ ಹಕ್ಕೂ ಅದರ ಪಾಲಿಗೆ ಬಂತು. ವಿನೋದವೆಂದರೆ, ಬಹುಮಟ್ಟಿಗೆ ಇದೇ ವಿಧಾನಕ್ಕೆ ಐಬಿಎಂ ಕಂಪನಿಯ ಇಬ್ಬರು ಮೂರು ವಾರ ಮೊದಲೇ, ಜೂನ್ 1ರಂದು, ಅರ್ಜಿ ಹಾಕಿದ್ದರು. ಅವರಿಗೂ 1989ರಲ್ಲಿ ಪೇಟೆಂಟು ಸಿಕ್ಕಿತು! ಒಂದೇ ಹೊಲಕ್ಕೆ ಎರಡು ಪಹಣಿ ಕೊಟ್ಟಂತಾಯಿತು.

ಪೇಟೆಂಟಿಗೂ ಕೃತಿಸ್ವಾಮ್ಯಕ್ಕೂ ಇರುವ ಭೇದವನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿಬಿಡುತ್ತೇವೆ. ಅಡಿಗೆ ಪುಸ್ತಕವನ್ನು ನಕಲು ಮಾಡಿ ಮಾರಬಾರದು ಎನ್ನುವುದು ಕೃತಿಸ್ವಾಮ್ಯ. ಆ ಪುಸ್ತಕವನ್ನು ಕಣ್ಣಿಂದಲೂ ನೋಡದೆ, ನೀವೇ ಯೋಚಿಸಿ ನಿಮ್ಮ ಒಲೆಯ ಮೇಲೆ ಅದೇ ರೀತಿಯಲ್ಲಿ ಬಿಸಿಬೇಳೆ ಹುಳಿಯನ್ನ ಮಾಡಿದರೂ ತಪ್ಪು ಎನ್ನುವುದು ಪೇಟೆಂಟು. ಪ್ರೋಗ್ರಾಮು ಬರೆಯುವವರಿಗೆ ಎರಡನೆಯದರ ಭಯವೇ ಹೆಚ್ಚು. ಏಕೆಂದರೆ ತಾವು ಸ್ವತಃ ಬರೆದದ್ದು ಇನ್ನೊಬ್ಬರ ಸೊತ್ತೆಂದು ಗೊತ್ತಾಗುವುದು ನೋಟೀಸು ಬಂದ ಮೇಲೆಯೇ.

ನೋಟೀಸೂ ಬಂತು. ಜಿಫ್ ಚಿತ್ರಗಳು ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ, 1994ರ ಡಿಸೆಂಬರಿನ ಕೊನೆಯ ವಾರದಲ್ಲಿ, ಅಂಥ ಚಿತ್ರ ತಯಾರಿಸುವ ಪ್ರೋಗ್ರಾಮುಗಳಿಗೆ ಯೂನಿಸಿಸ್‌ನ ಲೈಸೆನ್ಸು ಬೇಕೆಂಬ ಪ್ರಕಟಣೆ ಹೊರಬಿತ್ತು. 1999ರಲ್ಲಂತೂ ಲೈಸೆನ್ಸಿಲ್ಲದ ಪ್ರೋಗ್ರಾಮಿನಿಂದ ಮಾಡಿದ ಚಿತ್ರವನ್ನು ತಮ್ಮ ತಾಣದಲ್ಲಿಟ್ಟವರೂ 5,000 ಡಾಲರು ತೆರಬೇಕೆಂಬ ಮಾತು ಬಂದು, ಆ ನವೆಂಬರ್ 5ರಂದು ‘ಜಿಫ್ ದಹನ ದಿನ’ವೇ ನಡೆಯಿತು. ಲೆಂಪೆಲ್, ಜಿವ್ ಇಬ್ಬರೂ ಪ್ರಬಂಧದಲ್ಲಿ ಬಿಚ್ಚಿಟ್ಟದ್ದಕ್ಕೆ ನಡುವಿನವರ ಕಾಣಿಕೆ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನೆನಪಾಗದೆ ಇರದು.

ಸ್ವತಂತ್ರ ತಂತ್ರಾಂಶದ ಚಳವಳಿ ಹುಟ್ಟಿದ್ದೂ ಈ ಕಾಲದಲ್ಲೇ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನೂ’ ಯೋಜನೆಯನ್ನು ಸಾರಿದರು. ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಬಹುದಾದ ಒಂದು ಇಡೀ ವ್ಯವಸ್ಥೆ ಕಟ್ಟಬೇಕೆಂಬುದು ಅವರ ಗುರಿ. ಅದಕ್ಕೊಂದು ಅಡಕುವ ಸಲಕರಣೆ ಬೇಕಲ್ಲ. ‘ಕಂಪ್ರೆಸ್’ ಬಳಸೋಣವೆಂದರೆ ಪೇಟೆಂಟು ಅಡ್ಡ ಬಂತು. ಬೇರೊಂದು ವಿಧಾನದ ಪ್ರೋಗ್ರಾಮು ಸಿದ್ಧವಾಗಿ, ಇನ್ನೇನು ಬಿಡುಗಡೆ ಎನ್ನುವಾಗ ಪತ್ರಿಕೆಯ ಪೇಟೆಂಟು ಅಂಕಣ ನೋಡಿ, ಅದಕ್ಕೂ ಆಗಷ್ಟೇ ಹಕ್ಕುದಾರರು ಹುಟ್ಟಿದ್ದಾರೆಂದು ತಿಳಿಯಿತಂತೆ. ಅದನ್ನೂ ಕೈಬಿಟ್ಟೆವೆಂದು ಸ್ಟಾಲ್ಮನ್ ತಮ್ಮ ಭಾಷಣಗಳಲ್ಲಿ ಹೇಳುತ್ತಾರೆ.

ದಾರಿ ತೋರಿದವರು ಚಳವಳಿಯವರಲ್ಲ, ಒಬ್ಬ ವ್ಯಾಪಾರಸ್ಥ. ಅಮೆರಿಕದ ಮಿಲ್‌ವಾಕಿ ನಗರದ ಫಿಲ್ ಕಾಟ್ಜ್ ಎಂಬಾತ ‘ಆರ್ಕ್’ ಎಂಬ ಅಡಕುವ ಪ್ರೋಗ್ರಾಮಿಗಿಂತ ವೇಗವಾದದ್ದನ್ನು ಬರೆದು ಮಾರತೊಡಗಿದ. ‘ಆರ್ಕ್’ನ ಒಡೆಯರು 1988ರಲ್ಲಿ ಕೃತಿಸ್ವಾಮ್ಯದ ದಾವೆ ಹೂಡಿದರು, ಅದೇ ವರ್ಷ ರಾಜಿಯಾಗಿ, ಕಾಟ್ಜ್ ಹಣ ಕೊಟ್ಟು ಆ ಮಾದರಿಯನ್ನು ಬಿಡಬೇಕಾಯಿತು. 1989ರಲ್ಲಿ ಆತ ಹೊಸತೊಂದು ಮಾದರಿ ತಂದ. ಅದೇ ‘ಜಿಪ್’. ತನ್ನ ಪ್ರೋಗ್ರಾಮನ್ನು ಮಾರಿಕೊಂಡರೂ ಆ ಮಾದರಿಯ ವಿವರವನ್ನು ಯಾರು ಬೇಕಾದರೂ ಬಳಸಲೆಂದು ಪ್ರಕಟಿಸಿಬಿಟ್ಟ. ಆಮೇಲೆ ಅದಕ್ಕೆ ಸೇರಿಸಿದ ‘ಡಿಫ್ಲೇಟ್’ ಎಂಬ ವಿಧಾನ ಲೆಂಪೆಲ್–ಜಿವ್ ಜೋಡಿಯ 1977ರ ವಿಚಾರವನ್ನು ಆಧರಿಸಿತ್ತು. ವೆಲ್ಚ್ ಪೇಟೆಂಟಿನ ಬೇಲಿ ಅದಕ್ಕೆ ತಾಗುತ್ತಿರಲಿಲ್ಲ. ಕಾಟ್ಜ್ 2000ದ ಏಪ್ರಿಲಿನಲ್ಲಿ, 37ನೆಯ ವಯಸ್ಸಿಗೇ, ಒಂದು ಹೋಟೆಲಿನ ಕೋಣೆಯಲ್ಲಿ ಒಂಟಿಯಾಗಿ ತೀರಿಹೋದ. ಕುಡಿತ ಆತನನ್ನು ತಿಂದಿತ್ತು. ಆತ ಬಿಟ್ಟುಹೋದ ವಿಧಾನ ಇಂದು ಜಗತ್ತಿನ ಅಸಂಖ್ಯ ಕಡತಗಳಲ್ಲಿದೆ.

ಅದನ್ನು ಹಿಡಿದುಕೊಂಡವರು ಫ್ರಾನ್ಸಿನ ಝಾನ್-ಲೂ ಗೈಯಿ ಮತ್ತು ಅಮೆರಿಕದ ಮಾರ್ಕ್ ಆಡ್ಲರ್. ಗೈಯಿಯವರು ಅಡಕುವ ವಿದ್ಯೆಯ ಪೇಟೆಂಟುಗಳನ್ನು ಹುಡುಕಿ ಹುಡುಕಿ ಪಟ್ಟಿ ಮಾಡಿದವರು. ಪ್ರೋಗ್ರಾಮು ಬರೆಯಬೇಕಾದವನು ವಕೀಲನ ಕೆಲಸವನ್ನೂ ಮಾಡಬೇಕಾದ ಕಾಲ ಅದು. 1992ರ ಅಕ್ಟೋಬರ್ 31ರಂದು ‘ಜೀಜಿಪ್’ ಹೊರಬಂದು ‘ಕಂಪ್ರೆಸ್’ನ ಜಾಗವನ್ನು ತೆಗೆದುಕೊಂಡಿತು. ಜಿಫ್ ಬದಲಿಗೆ ಪೇಟೆಂಟಿಲ್ಲದ ‘ಪಿಎನ್‌ಜಿ’ ಚಿತ್ರಮಾದರಿಯನ್ನು 1995ರಲ್ಲಿ ರೂಪಿಸಿದರು, 1996ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ಅದರ ಒಳಗೂ ಡಿಫ್ಲೇಟ್. ಪಿಡಿಎಫ್ ಸಹ ಮೊದಲು ವೆಲ್ಚ್ ವಿಧಾನವನ್ನು ಬಳಸುತ್ತಿದ್ದು 1996ರಲ್ಲಿ ಡಿಫ್ಲೇಟನ್ನು ಸೇರಿಸಿಕೊಂಡಿತು. ಅದೇ ವರ್ಷ ಜೂಲಿಯನ್ ಸೀವರ್ಡ್ ಎಂಬವರು ‘ಬೀಜಿಪ್’ ಬರೆದರು. ಅದರಲ್ಲಿದ್ದ ಅಂಕಗಣಿತ ಸಂಕೇತ ವಿಧಾನಕ್ಕೆ ಪೇಟೆಂಟುಗಳಿದ್ದುದರಿಂದ, ‘ಬೀಜಿಪ್ 2’ರಲ್ಲಿ ಅದನ್ನು ಕಿತ್ತು 1952ರ ಹಳೆಯ ಹಫ್‌ಮನ್ ವಿಧಾನವನ್ನು ಕೂರಿಸಿದರು. ಸ್ವಲ್ಪ ಕಡಿಮೆ ಕುಗ್ಗುತ್ತದೆ, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ಎಲ್ಲರೂ ಹೀಗೆ ಪಾರಾಗಲಿಲ್ಲ. ಪಿಎಚ್‌ಪಿ ಭಾಷೆಯಲ್ಲಿ ಚಿತ್ರ ತಯಾರಿಸಲು ‘ಜೀಡಿ’ ಎಂಬ ಸ್ವತಂತ್ರ ಗ್ರಂಥಾಲಯ ಬಳಕೆಯಲ್ಲಿತ್ತು. ಪೇಟೆಂಟಿನ ಕಾರಣ 1999ರಲ್ಲಿ ಅದರಿಂದ ಜಿಫ್ ಭಾಗವನ್ನು ತೆಗೆದರು, 2004ರ ಜುಲೈಯಲ್ಲಿ ಮರಳಿ ಸೇರಿಸಿದರು. ಈ ಐದು ವರ್ಷಗಳಲ್ಲಿ ಪಿಎಚ್‌ಪಿ ಕಲಿತವರು, ಅವರು ಅಮೀರ್‌ಪೇಟಿನಲ್ಲೇ ಕುಳಿತಿರಲಿ, ಆ ಗ್ರಂಥಾಲಯದ ಹೊಸ ಆವೃತ್ತಿಯಲ್ಲಿ ಜಿಫ್ ಮಾಡುವ ಆಜ್ಞೆ ಕಾಣದೆ ಕಣ್ಣು ಕಣ್ಣು ಬಿಟ್ಟಿರಬೇಕು. ಪೇಟೆಂಟು ಆಯಾ ದೇಶದ ಎಲ್ಲೆಯೊಳಗೆ ಮಾತ್ರ ನಡೆಯುವಂಥದು, ನಿಜ. ವೆಲ್ಚ್ ಪೇಟೆಂಟಿನ ಜೊತೆಗಾರರು ಕೆನಡಾ, ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಜಪಾನುಗಳಲ್ಲಿದ್ದರು. ಆದರೆ ಸಲಕರಣೆ ತಯಾರಾಗುವುದು ಅಲ್ಲಿ. ಅಲ್ಲಿ ಕಿತ್ತುಹಾಕಿದ್ದು ಇಲ್ಲಿಗೆ ಹೇಗೆ ಬಂದೀತು? ಅಮೆರಿಕದಲ್ಲಿ 2003ರ ಜೂನ್ 20ಕ್ಕೆ, ಉಳಿದೆಡೆ 2004ರ ಮಧ್ಯಭಾಗಕ್ಕೆ ಅದರ ಅವಧಿ ಮುಗಿಯಿತು.

ಮುಗಿದ ಕೆಲವೇ ತಿಂಗಳಿಗೆ ಪ್ರಶ್ನೆ ನಮ್ಮ ದೇಶದ ಬಾಗಿಲಿಗೆ ಬಂತು. ಅದನ್ನು ತಿಳಿಯಲು ತುಸು ಹಿಂದಕ್ಕೆ ಹೋಗಬೇಕು. ಬ್ರಿಟಿಷರ 1911ರ ಪೇಟೆಂಟು ಕಾನೂನನ್ನು ಪರಿಶೀಲಿಸಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1970ರ ಕಾನೂನು ಬಂತು. ಔಷಧಿಯ ಮೇಲೆ ಪೇಟೆಂಟಿಲ್ಲ, ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ ಎಂಬುದು ಅದರ ಕಟ್ಟಳೆ. ಬೇರೆ ವಿಧಾನ ಕಂಡುಹಿಡಿದರೆ ಅದೇ ಔಷಧಿಯನ್ನು ಯಾರು ಬೇಕಾದರೂ ಮಾಡಬಹುದಿತ್ತು. ಹೈದರಾಬಾದಿನ ಔಷಧ ಉದ್ಯಮ ಬೆಳೆದದ್ದು ಈ ನೆರಳಿನಲ್ಲಿ. ಇಲ್ಲಿಯ ಸರ್ಕಾರಿ ಐಡಿಪಿಎಲ್ ಕಾರ್ಖಾನೆಯಲ್ಲಿ ದುಡಿದಿದ್ದ ಕೆ. ಅಂಜಿ ರೆಡ್ಡಿಯವರು 1984ರಲ್ಲಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ ಸ್ಥಾಪಿಸಿದರು. ಆ ಕಂಪನಿಯ ಪ್ರಧಾನ ಕಚೇರಿಯ ವಿಳಾಸ ಹಲವು ವರ್ಷ ಯಾವುದಾಗಿತ್ತು ಬಲ್ಲಿರಾ? ಮನೆ ನಂಬರು 7-1-27, ಅಮೀರ್‌ಪೇಟ್! ಕೋರ್ಸುಗಳ ಬೀದಿ ಎಂದು ನಾವು ಕರೆಯುವ ಈ ಪೇಟೆ, ಬೇರೆ ವಿಧಾನ ಹುಡುಕುವ ರಸಾಯನಶಾಸ್ತ್ರಜ್ಞರ ಪೇಟೆಯೂ ಆಗಿತ್ತು. ಕಾಟ್ಜ್, ಗೈಯಿ ಮಾಡಿದ್ದೂ ಇದನ್ನೇ ಅಲ್ಲವೆ? ಗುರಿ ಅದೇ, ದಾರಿ ಬೇರೆ.

ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ತಲೆಬಾಗಿ ಭಾರತ 2005ರ ಜನವರಿ 1ರಿಂದ ಔಷಧಿಗಳಿಗೂ ಪೂರ್ಣ ಪೇಟೆಂಟು ಕೊಡಬೇಕಾಯಿತು. ಅದಕ್ಕಾಗಿ 2004ರ ಡಿಸೆಂಬರ್ ಕೊನೆಗೆ ಒಂದು ಸುಗ್ರೀವಾಜ್ಞೆ ಹೊರಟಿತು. ಔಷಧಿಯ ಗದ್ದಲದಲ್ಲಿ ಬಹಳ ಜನರ ಕಣ್ಣಿಗೆ ಬೀಳದ ಇನ್ನೊಂದು ಸಾಲು ಅದರಲ್ಲಿತ್ತು. 2002ರ ತಿದ್ದುಪಡಿಯಲ್ಲಿ ಸೇರಿದ್ದ 3(ಕೆ) ಕಲಮಿನ ಪ್ರಕಾರ ಗಣಿತ ವಿಧಾನ, ಲೆಕ್ಕದ ಕ್ರಮ, ಕೇವಲ ಕಂಪ್ಯೂಟರ್ ಪ್ರೋಗ್ರಾಮು ಇವು ಪೇಟೆಂಟಿಗೆ ಅರ್ಹವಾದ ಶೋಧಗಳಲ್ಲ. ಸುಗ್ರೀವಾಜ್ಞೆಯು, ಉದ್ಯಮಕ್ಕೆ ತಾಂತ್ರಿಕವಾಗಿ ಅನ್ವಯಿಸುವ ಪ್ರೋಗ್ರಾಮಿಗೂ ಯಂತ್ರದೊಡನೆ ಕೂಡಿದ ಪ್ರೋಗ್ರಾಮಿಗೂ ಇದರಿಂದ ವಿನಾಯಿತಿ ಕೊಟ್ಟಿತು. ಯಂತ್ರದೊಡನೆ ಕೂಡದ ಪ್ರೋಗ್ರಾಮು ಯಾವುದಿದೆ? ಬಾಗಿಲು ಪೂರ್ತಿ ತೆರೆದಂತೆಯೇ. ಸ್ವತಂತ್ರ ತಂತ್ರಾಂಶದ ಬಳಗಗಳು ಆಕ್ಷೇಪಿಸಿದವು. ಅಂದಿನ ಸರ್ಕಾರಕ್ಕೆ ಹೊರಗಿನಿಂದ ಬೆಂಬಲವಿತ್ತಿದ್ದ ಎಡಪಕ್ಷಗಳು ಪಟ್ಟುಹಿಡಿದವು. 2005ರ ಮಾರ್ಚಿನಲ್ಲಿ ಪಾರ್ಲಿಮೆಂಟು ಕಾನೂನನ್ನು ಅಂಗೀಕರಿಸುವಾಗ ಔಷಧಿಯ ಬದಲಾವಣೆ ಉಳಿಯಿತು, ಪ್ರೋಗ್ರಾಮಿನದು ಬಿದ್ದುಹೋಯಿತು. ಅಮೀರ್‌ಪೇಟಿನ ಒಂದು ವಿದ್ಯೆಗೆ ದಾರಿ ಕಿರಿದಾದ ದಿನವೇ ಇನ್ನೊಂದಕ್ಕೆ ದಾರಿ ಉಳಿದುಕೊಂಡಿತು ಎಂದರೆ ಅತಿಶಯವಾಗದು.

ಆದರೆ ‘ಕೇವಲ’ ಎಂಬ ಒಂದು ಪದದ ಮೇಲೆ ಜಗ್ಗಾಟ ನಿಂತಿಲ್ಲ. 2008ರಲ್ಲಿ ಪೇಟೆಂಟು ಕಚೇರಿಯ ಕೈಪಿಡಿಯ ಕರಡಿಗೆ ಬೆಂಗಳೂರಿನ ಬಳಗದವರು ಪ್ರತಿಭಟಿಸಿದರು. 2015ರ ಆಗಸ್ಟಿನಲ್ಲಿ ಕಚೇರಿ ಹೊರಡಿಸಿದ ಸಡಿಲ ಮಾರ್ಗಸೂಚಿಯನ್ನು ಡಿಸೆಂಬರಿನಲ್ಲಿ ತಡೆಹಿಡಿದರು. 2016ರಲ್ಲಿ ಬಿಗಿಯಾದದ್ದು ಬಂತು. 2017ರಲ್ಲಿ ಅದೂ ಬದಲಾಯಿತು. 2019ರಲ್ಲಿ ದೆಹಲಿ ಹೈಕೋರ್ಟು, ತಾಂತ್ರಿಕ ಪರಿಣಾಮ ತೋರಿಸುವ ಶೋಧವನ್ನು ಪ್ರೋಗ್ರಾಮು ಎಂಬ ಒಂದೇ ಕಾರಣಕ್ಕೆ ತಳ್ಳಬಾರದೆಂದಿತು.

ಲೈಸೆನ್ಸಿನ ವಿಷಯಕ್ಕೂ ಬರಬೇಕು, ಏಕೆಂದರೆ ನಮ್ಮ ಮಕ್ಕಳಿಗೆ ದಿನವೂ ಎದುರಾಗುವುದು ಅದು. ‘ಜೀಜಿಪ್’ ಗ್ನೂ ಲೈಸೆನ್ಸಿನದು. ತಿದ್ದಿ ಹಂಚುವವನು ತಿದ್ದಿದ್ದನ್ನೂ ತೆರೆದೇ ಹಂಚಬೇಕು. ‘ಬೀಜಿಪ್ 2’ಕ್ಕೆ ಅಷ್ಟು ಬಿಗಿ ಇಲ್ಲ. ‘ರಾರ್’ ಕಡತದ ಕಥೆ ಬೇರೆ. ವಿನ್‌ರಾರ್ ಮೂಲತಃ 40 ದಿನದ ಪರೀಕ್ಷೆಗೆ ಕೊಡುವ ಪ್ರೋಗ್ರಾಮು. ಅವಧಿ ಮುಗಿದ ಮೇಲೂ ನೆನಪೋಲೆ ತೋರಿಸುತ್ತಲೇ ಕೆಲಸ ಮಾಡುವುದರಿಂದ ಅದು ಬಿಟ್ಟಿಯದೆಂದೇ ಅನೇಕರ ನಂಬಿಕೆ. ಬಿಚ್ಚುವ ಭಾಗದ ಮೂಲ ಬರಹ ಎಲ್ಲರಿಗೂ ಸಿಗುತ್ತದೆ. ಆದರೆ ಅದನ್ನು ನೋಡಿ ಅಡಕುವ ವಿಧಾನವನ್ನು ಮರಳಿ ಕಟ್ಟಬಾರದೆಂಬ ಕರಾರು ಇರುವುದರಿಂದ ಸ್ವತಂತ್ರ ತಂತ್ರಾಂಶದವರು ಅದನ್ನು ತಮ್ಮ ಪಂಕ್ತಿಗೆ ಸೇರಿಸುವುದಿಲ್ಲ. ಬಿಟ್ಟಿ ಬೇರೆ, ಸ್ವತಂತ್ರ ಬೇರೆ. ಇನ್ನು ಕದ್ದ ಪ್ರತಿಯ ಮಾತು: ನಮ್ಮ ಕೃತಿಸ್ವಾಮ್ಯ ಕಾನೂನಿನ 63ಬಿ ಕಲಮಿನಂತೆ, ತಿಳಿದೂ ಕದ್ದ ಪ್ರೋಗ್ರಾಮು ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭದ ಉದ್ದೇಶವಿಲ್ಲದಿದ್ದರೆ ನ್ಯಾಯಾಲಯ ರಿಯಾಯಿತಿ ತೋರಬಹುದು. ಹಾಸ್ಟೆಲಿನ ಪೆನ್‌ಡ್ರೈವುಗಳು ಕೈಯಿಂದ ಕೈಗೆ ಹೋಗುವಾಗ ಈ ಕಲಮನ್ನು ನೆನೆಯುವವರು ಕಡಿಮೆ. ಅದೇ ಕೆಲಸಕ್ಕೆ ಇಗೊರ್ ಪಾವ್ಲೊವ್ ಅವರ ‘7-ಜಿಪ್’ 1999ರಿಂದ ಇದೆ. ಅದಕ್ಕೆ ಕಾಸೂ ಬೇಡ, ಕಳವೂ ಬೇಡ.

ಪೇಟೆಂಟಿನ ಹಳೆಯ ಜಗಳಗಳು ತೀರಿದವೆಂದು ಕುಳಿತರೆ ಹೊಸವು ಬರುತ್ತಿವೆ. 2016ರಲ್ಲಿ ಫೇಸ್‌ಬುಕ್ ಹೊರತಂದ ‘ಝಡ್‌ಸ್ಟ್ಯಾಂಡರ್ಡ್’ ಎಂಬ ಸಲಕರಣೆಯ ಜೊತೆ ಒಂದು ಪೇಟೆಂಟು ಕರಾರೂ ಇತ್ತು: ಕಂಪನಿಯ ಮೇಲೆ ಪೇಟೆಂಟು ದಾವೆ ಹೂಡಿದವರಿಗೆ ಅನುಮತಿ ರದ್ದು. ವಿರೋಧ ಬಂದು 2017ರ ಆಗಸ್ಟಿನಲ್ಲಿ ಅದನ್ನು ತೆಗೆದರು. ಇದರೊಳಗಿನ ಮುಖ್ಯ ಉಪಾಯ ಪೋಲೆಂಡಿನ ಕ್ರಾಕೋವ್ ವಿಶ್ವವಿದ್ಯಾಲಯದ ಯಾರೆಕ್ ದೂದಾ ಎಂಬವರದು. ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ತಮ್ಮ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ನಾಡಿಗೆ ಬಿಟ್ಟುಕೊಟ್ಟಂತೆ, ದೂದಾ ಕೂಡ ಬೇಕೆಂದೇ ಪೇಟೆಂಟು ಮಾಡಿಸದೆ ಎಲ್ಲರಿಗೂ ಬಿಟ್ಟರು. ಕೆಲವೇ ವರ್ಷಕ್ಕೆ ಅದರ ಒಂದು ಪ್ರಯೋಗಕ್ಕೆ ಗೂಗಲ್ ಅರ್ಜಿ ಹಾಕಿತು. ದೂದಾ 2017ರಲ್ಲಿ ಬಹಿರಂಗವಾಗಿ ಪ್ರತಿಭಟಿಸಿದರು, ಅರ್ಜಿ ಮುಂದೆ ಸಾಗಲಿಲ್ಲ. ಬಳಿಕ ಮೈಕ್ರೋಸಾಫ್ಟ್ ಅದೇ ಕುಟುಂಬದ ವಿಧಾನಕ್ಕೆ ತಾನೊಂದು ಅರ್ಜಿ ಹಾಕಿತು. ಪೇಟೆಂಟು ಕಚೇರಿ ಒಮ್ಮೆ ತಿರಸ್ಕರಿಸಿ, 2022ರ ಜನವರಿಯಲ್ಲಿ ಮಂಜೂರು ಮಾಡಿತು. ಲೈಸೆನ್ಸು ಶುಲ್ಕ ಕೇಳದ ಸ್ವತಂತ್ರ ಸಲಕರಣೆಗಳಲ್ಲಿ ಇದನ್ನು ಬಳಸುವವರಿಗೆ ತಮ್ಮ ಅನುಮತಿಯಿದೆಯೆಂದು ಕಂಪನಿ ಹೇಳಿತು.